ಎರಡನೇ ಗುಂಡಿನ ಪಿಸ್ತೂಲು

ಪಿಸ್ತೂಲು ಸ್ಪರ್ಧೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಒಲಿಂಪಿಕ್ಸ್ ಚಿತ್ರ. ಒಂದು ಕೈ ಚಾಚಿ, ಇನ್ನೊಂದನ್ನು ಜೇಬಿಗೆ ತುರುಕಿ, ಉಸಿರು ಬಿಗಿ ಹಿಡಿದು, ಕಂಬದ ಹಾಗೆ ನಿಂತ ಮನುಷ್ಯ. ಪ್ರಾಕ್ಟಿಕಲ್ ಶೂಟಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಟೈಮರ್ ಬೀಪ್ ಅಂದಿತೋ ಇಲ್ಲವೋ ಪಿಸ್ತೂಲು ಸೊಂಟದಿಂದ ಕೈಗೆ ಬಂದಿರಬೇಕು. ಆಮೇಲೆ ಓಡಬೇಕು, ಬಾಗಬೇಕು, ಸಂದಿಯಲ್ಲಿ ಇಣುಕಬೇಕು, ಓಡುತ್ತಲೇ ಮ್ಯಾಗಜೀನ್ ಬದಲಿಸಬೇಕು. ಸಾಮಾನ್ಯವಾಗಿ ಒಂದೊಂದು ರಟ್ಟಿನ ಗುರಿಗೂ ಎರಡೆರಡು ಗುಂಡು.

ಈ ಆಟಕ್ಕೆ ಜಾಗತಿಕ ರೂಪ ಸಿಕ್ಕಿದ್ದು 1976ರಲ್ಲಿ. ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸಭೆ ಸೇರಿದವರು ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್) ಎಂಬ ಒಕ್ಕೂಟ ಕಟ್ಟಿದರು. ಅಮೆರಿಕದ ಪಿಸ್ತೂಲು ಗುರು ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಲ್ಯಾಟಿನ್‌ನಲ್ಲಿ ಮೂರು ಪದದ ಧ್ಯೇಯವಾಕ್ಯವನ್ನೂ ಇಟ್ಟುಕೊಂಡರು: ಡಿಲಿಜೆಂಷಿಯಾ, ವಿಸ್, ಸೆಲೆರಿಟಾಸ್. ನಿಖರತೆ, ಬಲ, ವೇಗ ಎಂದು ಇಟ್ಟುಕೊಳ್ಳಿ. ಪಿಸ್ತೂಲು ಆರಿಸುವವರ ತಲೆನೋವೆಲ್ಲ ಈ ಮೂರು ಪದಗಳ ಜಗಳವೇ. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ.

ಜಗಳ ಬಗೆಹರಿಸೋದು ಒಂದು ಸುಲಭ ಭಾಗಾಕಾರ. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. ಹನ್ನೆರಡು ಗುಂಡುಗಳ ಒಂದು ಸುತ್ತು ಅಂದುಕೊಳ್ಳಿ. ಎಲ್ಲವೂ ನಡುವಿನ ಎ ವಲಯಕ್ಕೆ ಬಿದ್ದರೆ ಐದೈದರಂತೆ 60 ಅಂಕ. ಅದಕ್ಕೆ 6 ಸೆಕೆಂಡು ಹಿಡಿದರೆ ಹಿಟ್ ಫ್ಯಾಕ್ಟರ್ 10. ಪಕ್ಕದವನು 54 ಅಂಕವನ್ನಷ್ಟೇ ಗಳಿಸಿದ, ಆದರೆ 5.2 ಸೆಕೆಂಡಿನಲ್ಲಿ ಮುಗಿಸಿದ. ಅವನದು 10.38. ಅವನೇ ಗೆದ್ದ! ಒಂದೇ ತೂತಿಗೆ ಹತ್ತು ಗುಂಡು ತೂರಿಸುವ ಪಿಸ್ತೂಲಿದ್ದರೂ ಅದು ನಿಧಾನವಾದರೆ ಇಲ್ಲಿ ಉಪಯೋಗವಿಲ್ಲ.

ಹಾಗಾದರೆ ಸಮಯ ಎಲ್ಲಿ ಸೋರುತ್ತದೆ? ಓಟದಲ್ಲಿ ಜಾಸ್ತಿ, ನಿಜ. ಪಿಸ್ತೂಲಿನ ಮಟ್ಟಿಗೆ ಹೇಳುವುದಾದರೆ ಮೊದಲ ಮತ್ತು ಎರಡನೇ ಗುಂಡಿನ ನಡುವೆ.

ಮದ್ದು ಹೊತ್ತಿಕೊಂಡ ಮೇಲೆ ಬುಲೆಟ್ ನಳಿಗೆ ದಾಟಲು ಒಂದು ಮಿಲಿಸೆಕೆಂಡು ಕೂಡ ಬೇಡ. ಅಷ್ಟು ಹೊತ್ತಿಗೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದಿರುವುದು ಎರಡು ಮಿಲಿಮೀಟರ್ ಆಸುಪಾಸು. ಮೂತಿ ಆಕಾಶ ನೋಡುವ ಆ ದೊಡ್ಡ ನೆಗೆತ ಶುರುವಾಗುವಾಗ ಬುಲೆಟ್ ಆಗಲೇ ಮನೆ ಬಿಟ್ಟಿರುತ್ತದೆ. ಅಂದರೆ ಕಣ್ಣಿಗೆ ಕಾಣುವ ಒದೆತ ಮೊದಲ ಗುಂಡನ್ನು ಕೆಡಿಸುವುದಿಲ್ಲ. ಅದನ್ನು ಕೆಡಿಸುವುದು ಒದೆತ ಬರುತ್ತದೆ ಅಂತ ಮುಂಚೆಯೇ ಹೆದರಿ ಕೈ ಬಿಗಿಯುವ ನಾವೇ. ಒದೆತಕ್ಕೆ ಬಲಿಯಾಗುವುದು ಎರಡನೇ ಗುಂಡು. ಸ್ಲೈಡ್ ಹಿಂದೆ ಹೋಗಿ, ಖಾಲಿ ಕೋಶ ಎಸೆದು, ಹೊಸ ತೋಟಾ ಹೊತ್ತು ಮುಂದೆ ಬಂದು ಕೂರುವ ಇಡೀ ಪ್ರಯಾಣಕ್ಕೆ ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು. ಪಳಗಿದವರು ಹತ್ತಿರದ ಗುರಿಗೆ 0.15ರಿಂದ 0.20 ಸೆಕೆಂಡಿನ ಅಂತರದಲ್ಲಿ ಎರಡು ಗುಂಡು ಹಾರಿಸುತ್ತಾರೆ. ಕಣ್ಣಿಗೆ ಬಿದ್ದದ್ದಕ್ಕೆ ಮನುಷ್ಯನ ಕೈ ಪ್ರತಿಕ್ರಿಯೆ ತೋರಲು ಹೆಚ್ಚುಕಡಿಮೆ 0.2 ಸೆಕೆಂಡು ಬೇಕು. ಮೊದಲ ಗುಂಡಿನ ನಂತರ ನೋಡಿ, ಸರಿಪಡಿಸಿ, ಆಮೇಲೆ ಎರಡನೆಯದು ಅನ್ನುವಷ್ಟು ಪುರುಸೊತ್ತೇ ಇಲ್ಲ. ಪಿಸ್ತೂಲು ತಾನಾಗಿಯೇ ಹೊರಟ ಜಾಗಕ್ಕೆ ವಾಪಸ್ ಬರಬೇಕು.

ಸ್ಪರ್ಧೆಯ ಪಿಸ್ತೂಲಿನಿಂದ ಕೇಳಬೇಕಾದ್ದು ಇಷ್ಟೇ ಅಂತ ನನ್ನ ಅನಿಸಿಕೆ. ಒದೆತ ಕಡಿಮೆ ಇರುವುದಕ್ಕಿಂತ, ಪ್ರತಿ ಸಲವೂ ಒಂದೇ ಥರ ಇರುವುದು ಮುಖ್ಯ.

ತೂಕದಿಂದ ಶುರು ಮಾಡೋಣ. ಮಾಮೂಲಿ 9 ಎಂಎಂ ಬುಲೆಟ್ 8 ಗ್ರಾಂ ತೂಗುತ್ತದೆ, ಸೆಕೆಂಡಿಗೆ 308 ಮೀಟರ್ ವೇಗದಲ್ಲಿ ಹೊರಡುತ್ತದೆ ಅನ್ನೋಣ. ಅದರ ಸಂವೇಗ ಸುಮಾರು 2.5 ಕೆಜಿ-ಮೀಟರ್ ಪ್ರತಿ ಸೆಕೆಂಡಿಗೆ. ಅಷ್ಟೇ ಸಂವೇಗ ಹಿಂದಕ್ಕೂ ಬರಬೇಕು, ನ್ಯೂಟನ್ ಬಿಡುವುದಿಲ್ಲ. ಅನಿಲದ ಲೆಕ್ಕ ಪಕ್ಕಕ್ಕಿಟ್ಟರೆ, 650 ಗ್ರಾಂ ಪಿಸ್ತೂಲು ಸೆಕೆಂಡಿಗೆ 3.8 ಮೀಟರ್ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಕೈಗೆ ಬಂದು ಬೀಳುವ ಶಕ್ತಿ 4.7 ಜೂಲ್. 1.3 ಕೆಜಿ ಪಿಸ್ತೂಲಾದರೆ ವೇಗವೂ ಅರ್ಧ, ಶಕ್ತಿಯೂ ಅರ್ಧ. ಸ್ಪರ್ಧಿಗಳು ಪ್ಲಾಸ್ಟಿಕ್ ಚೌಕಟ್ಟು ಬಿಟ್ಟು ಉಕ್ಕಿನ ಕಡೆ ವಾಲುವುದು ಇದಕ್ಕೇ. 2016ರಲ್ಲಿ ಬಂದ ಝೆಕ್ ಪಿಸ್ತೂಲು ಸಿಝಡ್ ಶ್ಯಾಡೋ 2 ಖಾಲಿ ಇದ್ದಾಗಲೇ 1.3 ಕೆಜಿ ದಾಟುತ್ತದೆ. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ತಿರುಗುವವರಿಗೆ ಅದು ಶಿಕ್ಷೆ. ಆಟಗಾರರಿಗೆ ವರ.

ತೂಕ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ. ಆಮೇಲೆ ತಲೆಯ ಹತ್ತಿರ ಹಿಡಿದು ತಿರುಗಿಸಿ. ತೂಕ ಅದೇ, ಕಷ್ಟ ಬೇರೆ, ಅಲ್ವಾ? ಮೂತಿಯಲ್ಲಿ ಭಾರ ಇಟ್ಟ ಪಿಸ್ತೂಲು ನೆಗೆಯುವುದು ಕಡಿಮೆ. ಆದರೆ ಒಂದು ಗುರಿಯಿಂದ ಇನ್ನೊಂದಕ್ಕೆ ಸರ್ರನೆ ತಿರುಗಿಸಿದಾಗ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಜಾರುತ್ತದೆ.

ಮೂತಿ ಮೇಲೇಳಲು ಇನ್ನೊಂದು ಕಾರಣ ಎತ್ತರ. ಒದೆತ ಬರುವುದು ನಳಿಗೆಯ ನಡುಗೆರೆಯಲ್ಲಿ. ಅದನ್ನು ತಡೆಯುವ ಕೈ ಇರುವುದು ಅದಕ್ಕಿಂತ ಕೆಳಗೆ. ಈ ಎರಡರ ನಡುವಿನ ಅಂತರವೇ ಸನ್ನೆಕೋಲು. 1975ರ ಸಿಝಡ್ 75 ವಿನ್ಯಾಸದಲ್ಲಿ ಕೌಟ್ಸ್ಕಿ ಸಹೋದರರು ಸ್ಲೈಡನ್ನು ಚೌಕಟ್ಟಿನ ಹೊರಗಿನ ಬದಲು ಒಳಗೆ ಓಡುವಂತೆ ಮಾಡಿದರು. ನಳಿಗೆ ಕೈಗೆ ಅಷ್ಟು ಹತ್ತಿರ ಬಂತು. ಆ ವಂಶದ ಪಿಸ್ತೂಲುಗಳು ಇವತ್ತಿಗೂ ಸ್ಪರ್ಧೆಗಳಲ್ಲಿ ಕಿಕ್ಕಿರಿದಿರಲು ಅದೂ ಒಂದು ಕಾರಣ.

ಈಗ ಬಲದ ವಿಷಯ. ವೇಗ ಬೇಕು ಅಂತ ಎಲ್ಲರೂ ಪುಸುಕ್ ಅನ್ನುವ ಮದ್ದು ತುಂಬಿಕೊಂಡು ಬಂದರೆ ಆಟ ಕೆಟ್ಟಿತು. ಅದಕ್ಕೆ ಪವರ್ ಫ್ಯಾಕ್ಟರ್ ಎಂಬ ತಡೆಬೇಲಿ. ಬುಲೆಟ್ಟಿನ ತೂಕವನ್ನು ಗ್ರೇನ್‌ನಲ್ಲಿ (ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್), ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಅಂತ ಹಿಡಿದು ಗುಣಿಸಿ, ಸಾವಿರದಿಂದ ಭಾಗಿಸಬೇಕು. ವೇಷ ಬದಲಿಸಿಕೊಂಡ ಸಂವೇಗವೇ ಇದು, ಬೇರೇನಲ್ಲ. ಕನಿಷ್ಠ 125 ಇದ್ದರೆ ಮೈನರ್. ಮೇಜರ್ ಅನ್ನಿಸಿಕೊಳ್ಳಲು, ಪಿಸ್ತೂಲಿಗೆ ಬಹುತೇಕ ಏನು ಬೇಕಾದರೂ ಜೋಡಿಸಬಹುದಾದ ಐಪಿಎಸ್‌ಸಿಯ ಓಪನ್ ವಿಭಾಗದಲ್ಲಿ 160, ಅಷ್ಟು ಸ್ವಾತಂತ್ರ್ಯವಿಲ್ಲದ ಸ್ಟ್ಯಾಂಡರ್ಡ್ ವಿಭಾಗದಲ್ಲಿ 170 ಬೇಕು. ಸ್ಪರ್ಧೆಯಲ್ಲಿ ಬುಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟುಕೊಂಡು ಅಧಿಕಾರಿಗಳು ನಿಮ್ಮ ತೋಟಾಗಳನ್ನೇ ಹಾರಿಸಿ ಅಳೆಯುತ್ತಾರೆ. 125ಕ್ಕಿಂತ ಕೆಳಗೆ ಬಂದರೆ ಅವತ್ತಿನ ಅಂಕವೆಲ್ಲ ನೀರಲ್ಲಿ ಹೋಮ. ಮೇಜರ್‌ನವನಿಗೆ ಸಿಗುವ ಲಾಭ ಎಂದರೆ ಗುಂಡು ಎ ವಲಯದ ಹೊರಗಿನ ಸಿ ವಲಯಕ್ಕೆ ಬಿದ್ದರೂ 4 ಅಂಕ. ಮೈನರ್‌ನವನಿಗೆ 3.

ಇಲ್ಲಿ ಭೌತಶಾಸ್ತ್ರ ಒಂದು ಚೆಂದದ ಆಟ ಆಡುತ್ತದೆ. 124 ಗ್ರೇನ್ ಬುಲೆಟ್ 1050 ಅಡಿ ವೇಗದಲ್ಲಿ ಹೋದರೆ ಪವರ್ ಫ್ಯಾಕ್ಟರ್ 130. 147 ಗ್ರೇನ್ ಬುಲೆಟ್ 885 ಅಡಿ ವೇಗದಲ್ಲಿ ಹೋದರೂ 130. ಲೆಕ್ಕಕ್ಕೆ ಎರಡೂ ಒಂದೇ. ಕೈಗೆ ಮಾತ್ರ ಒಂದೇ ಅಲ್ಲ. ಭಾರದ ಬುಲೆಟ್ಟಿಗೆ ಮದ್ದು ಕಡಿಮೆ ಸಾಕು. ಮದ್ದು ಸುಟ್ಟು ಬರುವ ಅನಿಲಕ್ಕೂ ತೂಕವಿದೆ, ಅದು ಬುಲೆಟ್ಟಿಗಿಂತ ಎಷ್ಟೋ ಜೋರಾಗಿ ಹೊರಗೆ ಧಾವಿಸುತ್ತದೆ. ಅದರ ಒದೆತ ಕೈಗೆ ಬರುತ್ತದೆ, ಆದರೆ ಪವರ್ ಫ್ಯಾಕ್ಟರ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೈನರ್ ಆಡುವ ಎಷ್ಟೋ ಜನ ಭಾರದ, ನಿಧಾನದ ಬುಲೆಟ್ ಹಿಡಿಯುತ್ತಾರೆ. ತಳ್ಳಿದ ಹಾಗಿರುತ್ತದೆ, ಹೊಡೆದ ಹಾಗಲ್ಲ.

ಓಪನ್ ವಿಭಾಗದವರು ಇದೇ ಲೆಕ್ಕವನ್ನು ತಲೆಕೆಳಗು ಮಾಡುತ್ತಾರೆ. ಅವರ ನಳಿಗೆಯ ತುದಿಯಲ್ಲಿ ಕಾಂಪೆನ್ಸೇಟರ್ ಇರುತ್ತದೆ, ಮೇಲ್ಗಡೆ ಕಿಂಡಿಗಳಿರುವ ಒಂದು ಉಕ್ಕಿನ ಗೂಡು. ಬುಲೆಟ್ ಮುಂದೆ ಹೋದಾಗ ಹಿಂದಿನಿಂದ ನುಗ್ಗಿದ ಅನಿಲ ಕಿಂಡಿಯಿಂದ ಮೇಲಕ್ಕೆ ಚಿಮ್ಮುತ್ತದೆ, ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಸಣ್ಣ ರಾಕೆಟ್ ಅನ್ನಿ. ರಾಕೆಟ್ಟಿಗೆ ಇಂಧನ ಬೇಕಲ್ಲ! ಅದಕ್ಕೆ ಇವರು ಹಗುರ ಬುಲೆಟ್, ನಿಧಾನವಾಗಿ ಉರಿಯುವ ಮದ್ದು ಜಾಸ್ತಿ ತುಂಬುತ್ತಾರೆ. 1929ರಲ್ಲೇ ಹುಟ್ಟಿದ ಪಾಯಿಂಟ್ 38 ಸೂಪರ್ ತೋಟಾಕ್ಕೆ ಈ ವಿಭಾಗದಲ್ಲಿ ಮರುಜನ್ಮ ಸಿಕ್ಕಿದ್ದು ಅದರ ಹೊಟ್ಟೆಯಲ್ಲಿ ಮದ್ದಿಗೆ ಜಾಗ ಇದ್ದದ್ದರಿಂದ. ಅನಿಲವೇ ಶತ್ರು ಅಂತ ಒಬ್ಬ, ಅನಿಲವೇ ಗೆಳೆಯ ಅಂತ ಇನ್ನೊಬ್ಬ. ಇಬ್ಬರೂ ಸರಿ. ಕಾಂಪೆನ್ಸೇಟರ್ ನೋಡಲು ಚೆನ್ನಾಗಿದೆ ಅಂತ ಮೈನರ್ ಮದ್ದಿಗೆ ತಂದು ಜೋಡಿಸುವವರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ. ಅಲ್ಲಿ ಅದು ಮುಕ್ಕಾಲು ಪಾಲು ಬರೀ ಮೂತಿಯ ಭಾರ.

ಟ್ರಿಗರ್ ಬಗ್ಗೆ ಜನ ಗಂಟೆಗಟ್ಟಲೆ ಹರಟುತ್ತಾರೆ. ಮೂಲ ವಿಷಯ ಸರಳ. ಒಂದು ಕೆಜಿ ಚಿಲ್ಲರೆ ತೂಗುವ ವಸ್ತುವಿನ ಮೇಲೆ ಬೆರಳು ಎರಡೂವರೆ ಕೆಜಿ ಬಲ ಹಾಕುತ್ತದೆ. ಆ ಬಲದಲ್ಲಿ ಒಂದು ಚೂರು ಪಕ್ಕಕ್ಕೆ ವಾಲಿದರೂ ಪಿಸ್ತೂಲು ಆ ಕಡೆ ಹೊರಳುತ್ತದೆ. ಟ್ರಿಗರ್ ಹಗುರವಾದಷ್ಟೂ ಹೊರಳುವುದು ಕಡಿಮೆ. ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಪಿಸ್ತೂಲಿನಲ್ಲಿ ಟ್ರಿಗರ್ ತಿರುಗುವುದಿಲ್ಲ, ನೇರ ಹಿಂದಕ್ಕೆ ಜಾರುತ್ತದೆ. ಅದೇ ಯಂತ್ರಕ್ಕೆ 1990ರ ದಶಕದಲ್ಲಿ ಅಗಲದ ಮ್ಯಾಗಜೀನ್ ಹಿಡಿಸುವ ಚೌಕಟ್ಟು ಕೂಡಿಸಿದಾಗ 2011 ಎಂಬ ವರ್ಗ ಹುಟ್ಟಿತು. ಓಪನ್ ಮತ್ತು ಸ್ಟ್ಯಾಂಡರ್ಡ್ ವಿಭಾಗಗಳನ್ನು ಇವತ್ತು ಆಳುತ್ತಿರುವುದು ಅದೇ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಪಿಸ್ತೂಲುಗಳ ಪ್ರೊಡಕ್ಷನ್ ವಿಭಾಗದಲ್ಲಿ ಟ್ರಿಗರನ್ನು ಇಷ್ಟ ಬಂದಷ್ಟು ಹಗುರ ಮಾಡುವಂತಿಲ್ಲ. ಮೊದಲ ಹೊಡೆತಕ್ಕೆ ಕನಿಷ್ಠ 2.27 ಕೆಜಿ, ಇಲ್ಲವೇ ಎಲ್ಲ ಹೊಡೆತಕ್ಕೂ 1.36 ಕೆಜಿ ಎಂಬುದು ಅಲ್ಲಿ ಬಂದಿರುವ ನಿಯಮ.

ಹಗುರ ಮಾಡುವ ಆಸೆಗೆ ಬೀಳುವ ದಂಡ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿ. ಟ್ರಿಗರ್ ಕಾಲು ಕೆಜಿ ಹಗುರವಾಗಲಿ ಅಂತ, ತೋಟಾ ಸಿಡಿಸುವ ಹ್ಯಾಮರಿನ ಸ್ಪ್ರಿಂಗನ್ನು ಮೆದು ಮಾಡಿದ್ದೀರಿ. ಅಭ್ಯಾಸದಲ್ಲಿ ಬೆಣ್ಣೆಯ ಹಾಗೆ ಓಡಿತು. ಸ್ಪರ್ಧೆಯ ದಿನ ಹೊಸ ಪೆಟ್ಟಿಗೆ ತೋಟಾ, ಪ್ರೈಮರ್ (ಪೆಟ್ಟು ತಿಂದು ಮದ್ದಿಗೆ ಕಿಡಿ ಕೊಡುವ, ತೋಟಾದ ತಳದ ಬಿಲ್ಲೆ) ಸ್ವಲ್ಪ ಗಟ್ಟಿ. ಐದನೇ ಹೊಡೆತಕ್ಕೆ ಢಂ ಅನ್ನುವ ಬದಲು ‘ಟಕ್’. ಒಂದು ಕ್ಷಣ ಮೆದುಳಿಗೆ ಅರ್ಥವೇ ಆಗುವುದಿಲ್ಲ. ಮ್ಯಾಗಜೀನ್ ತಳಕ್ಕೆ ತಟ್ಟಿ, ಸ್ಲೈಡ್ ಎಳೆದು, ಸತ್ತ ತೋಟಾ ಹೊರಗೆಸೆದು ಮತ್ತೆ ಗುರಿ ಹಿಡಿಯುವಷ್ಟರಲ್ಲಿ 2 ಸೆಕೆಂಡು ಖಲ್ಲಾಸ್. ನೆಲದಲ್ಲಿ ಬಿದ್ದ ಆ ತೋಟಾ ಎತ್ತಿ ನೋಡಿದರೆ ಪ್ರೈಮರಿನ ನಡುವೆ ಕೆನ್ನೆಗುಳಿಯಂಥ ಆಳವಿಲ್ಲದ ಗುರುತು. 60 ಅಂಕ 6 ಸೆಕೆಂಡಿನ ಬದಲು 8 ಸೆಕೆಂಡಿಗೆ ಬಂತು. ಹತ್ತು ಇದ್ದ ಹಿಟ್ ಫ್ಯಾಕ್ಟರ್ ಏಳೂವರೆಗೆ ಇಳಿಯಿತು. ಟ್ರಿಗರಿನಲ್ಲಿ ಇಳಿಸಿದ ಆ ಕಾಲು ಕೆಜಿ ವರ್ಷವಿಡೀ ಸೇರಿಸಿದರೂ ಇಷ್ಟು ಉಳಿಸಿಕೊಡುವುದಿಲ್ಲ. ಹ್ಯಾಮರನ್ನು ಹಿಡಿದಿಡುವ ಸಿಯರ್ ಎಂಬ ಕೊಂಡಿಯನ್ನು ಉಜ್ಜಿ ಟ್ರಿಗರ್ ಮೆದು ಮಾಡುವ ಕೆಲಸವಂತೂ ಮನೆಯ ಅರಕ್ಕೆ ಸಿಗುವಂಥದ್ದಲ್ಲ. ಕೊಂಡಿ ಜಾರಿ ಗುಂಡು ತಾನಾಗಿ ಹಾರಿದರೆ ಸ್ಪರ್ಧೆಯಿಂದ ಹೊರಗೆ ಹಾಕುವುದು ಚಿಕ್ಕ ಶಿಕ್ಷೆ, ದೊಡ್ಡದು ಏನಾದೀತು ಅಂತ ಹೇಳಬೇಕಿಲ್ಲ. ಪಳಗಿದ ಕುಶಲಕರ್ಮಿಗೇ ಕೊಡಿ.

ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಸೀಳು, ಮೊಳೆಗಳ ಲೆಕ್ಕ ಬರೀ ತ್ರಿಕೋನ. ಹಿಂದಿನ ಸೀಳಿಗೂ ಮುಂದಿನ ಮೊಳೆಗೂ 150 ಮಿಲಿಮೀಟರ್ ಅಂತರವಿದ್ದು, ಮೊಳೆ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 6.7 ಸೆಂಟಿಮೀಟರ್ ಸರಿಯುತ್ತದೆ. ಎ ವಲಯದ ಅಗಲ 15 ಸೆಂಟಿಮೀಟರ್. ಅಂದರೆ ನಡುವಿಗೆ ಗುರಿಯಿಟ್ಟವನ ಆ ತಪ್ಪು ಕೂಡ ಒಳಗೇ ಬೀಳುತ್ತದೆ! ಹತ್ತಿರದ ಗುರಿಗೆ ಸಾಲು ಸರಿಹೊಂದಿಸುತ್ತಾ ಕೂರುವುದು ಸುಮ್ನೆ ಸಮಯ ಹಾಳು. ಕೆಂಪು ಚುಕ್ಕೆಯ ಗಾಜು ಈ ಸಾಲು ಹೊಂದಿಸುವ ಕೆಲಸವನ್ನೇ ತೆಗೆದುಹಾಕಿತು. ಕಣ್ಣು ಗುರಿಯ ಮೇಲೇ ಇರಬಹುದು, ಚುಕ್ಕೆ ಅದರ ಮೇಲೆ ಬಂದು ಕೂರುತ್ತದೆ. ಚುಕ್ಕೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಒದೆತದಲ್ಲಿ ಅದು ಗಾಜಿನ ಮೇಲೆ ಗೆರೆ ಎಳೆದು ತೋರಿಸುತ್ತದೆ. ನೇರ ಮೇಲೆ ಹೋಗಿ ನೇರ ಇಳಿದರೆ ಹಿಡಿತ ಸರಿ. ಓರೆಯಾಗಿ ಹೋದರೆ ಒಂದು ಕೈ ಸೋಮಾರಿಯಾಗಿದೆ.

ಆ ಗೆರೆ ನೋಡಿಯೇ ಸ್ಲೈಡ್ ಸ್ಪ್ರಿಂಗನ್ನೂ ಆರಿಸಬೇಕು. ಗಟ್ಟಿ ಸ್ಪ್ರಿಂಗ್ ಸ್ಲೈಡನ್ನು ರಭಸದಿಂದ ಮುಂದಕ್ಕೆ ತಳ್ಳುತ್ತದೆ. ಸ್ಲೈಡ್ ಬಂದು ಬಡಿದಾಗ ಮೂತಿ ಗುರಿಗಿಂತ ಕೆಳಗೆ ಮುಳುಗುತ್ತದೆ. ತೀರಾ ಮೆದುವಾದರೆ ಸ್ಲೈಡ್ ತಡವಾಗಿ, ಅನುಮಾನದಿಂದ ಬಂದು ಕೂರುತ್ತದೆ, ತೋಟಾ ಸಿಕ್ಕಿಬೀಳುವ ಭಯ ಬೇರೆ. ಚುಕ್ಕೆ ಹೊರಟಲ್ಲಿಗೇ ಬಂದು ನಿಲ್ಲುವ ಸ್ಪ್ರಿಂಗ್ ನಿಮ್ಮದು. ಅದು ಗೆಳೆಯನ ಸ್ಪ್ರಿಂಗ್ ಆಗಿರಬೇಕಿಲ್ಲ. ಅವನ ಮಣಿಕಟ್ಟು ಬೇರೆ, ಮದ್ದು ಬೇರೆ.

ಇಷ್ಟೆಲ್ಲ ಹೇಳಿದೆ, ಆದರೆ ಕೊಳ್ಳುವಾಗ ಮೊದಲು ನೋಡಬೇಕಾದ್ದು ಕೈ. ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ, ಸುರಕ್ಷಿತ ಗೋಡೆಯ ಕಡೆ ಚಾಚಿ. ಕಣ್ಣು ಬಿಟ್ಟಾಗ ಮೊಳೆ ಸೀಳಿನ ನಡುವೆ ಇದ್ದರೆ ಆ ಹಿಡಿಯ ಕೋನ ನಿಮಗೆ ಒಪ್ಪುತ್ತದೆ. ಬೆರಳಿನ ಮುಂಭಾಗ ಹಿಡಿತ ಸಡಿಲಿಸದೆ ಟ್ರಿಗರ್ ತಲುಪಬೇಕು. ತಲುಪದಿದ್ದರೆ ಎಷ್ಟೇ ಹೆಸರುವಾಸಿ ಪಿಸ್ತೂಲಾದರೂ ಬೇಡ. ಹಿಡಿಯ ಮೇಲ್ಮೈಗೆ ಮರಳುಕಾಗದದಂಥ ತರಿ ಮಾಡಿಸುವುದು ಬಹುಶಃ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಬದಲಾವಣೆ. ನಿಮ್ಮ ವಿಭಾಗ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ. ಸ್ಟ್ಯಾಂಡರ್ಡ್ ವಿಭಾಗದಲ್ಲಂತೂ ಮ್ಯಾಗಜೀನ್ ಸಮೇತ ಪಿಸ್ತೂಲು 225 ಗುಣಿಲೆ 150 ಗುಣಿಲೆ 45 ಮಿಲಿಮೀಟರಿನ ಪೆಟ್ಟಿಗೆಯಲ್ಲಿ ಕೂರಲೇಬೇಕು.

ಒಂದು ವಿಷಯ ಮಾತ್ರ ಯಾವ ಕುಶಲಕರ್ಮಿಗೂ ಬಗ್ಗಿಲ್ಲ. 9 ಎಂಎಂ ತೋಟಾ ಒಂದು ಸುಮಾರು 12 ಗ್ರಾಂ ತೂಗುತ್ತದೆ. ಓಪನ್ ವಿಭಾಗದ 170 ಮಿಲಿಮೀಟರ್ ಉದ್ದದ ಮ್ಯಾಗಜೀನಿನಲ್ಲಿ 28 ತೋಟಾ ತುಂಬಿದರೆ 330 ಗ್ರಾಂ ಮೀರುತ್ತದೆ. ಸುತ್ತು ಮುಗಿಯುವಷ್ಟರಲ್ಲಿ ಅಷ್ಟೂ ತೂಕ ಹಿಡಿಯಿಂದ ಖಾಲಿಯಾಗಿರುತ್ತದೆ. ಪಿಸ್ತೂಲು ಹಗುರವಾಗಿ, ಸಮತೋಲ ಮೂತಿಯ ಕಡೆಗೆ ಜಾರಿ, ಚುಕ್ಕೆ ಎಳೆಯುವ ಗೆರೆಯೂ ಬದಲಾಗಿರುತ್ತದೆ. ಹಾಗಾದರೆ ಸ್ಪ್ರಿಂಗನ್ನು ಯಾವುದಕ್ಕೆ ಹೊಂದಿಸುವುದು, ತುಂಬಿದ ಪಿಸ್ತೂಲಿಗಾ, ಖಾಲಿಯಾಗುತ್ತಿರುವುದಕ್ಕಾ? ನಾನಾದರೆ ಮ್ಯಾಗಜೀನಿಗೆ ಅರ್ಧದಷ್ಟೇ ತುಂಬಿ ಪರೀಕ್ಷೆ ಶುರು ಮಾಡುತ್ತೇನೆ.