ಮೊದಲು ಬೀಳುವುದನ್ನು ಕಲಿಯಲಿ

ಮಗುವನ್ನು ಜೂಡೊ ತರಗತಿಗೆ ಸೇರಿಸಲು ಬರುವ ತಂದೆತಾಯಿ ಮೊದಲು ವಿಚಾರಿಸುವುದು ಬೆಲ್ಟಿನ ಬಗ್ಗೆ. 'ಸರ್, ಹಳದಿ ಬೆಲ್ಟ್ ಎಷ್ಟು ತಿಂಗಳಿಗೆ ಸಿಗುತ್ತದೆ?' ನಾನು ಚಾಪೆಯ ಕಡೆ ಕೈ ತೋರಿಸುತ್ತೇನೆ. ಅಲ್ಲಿ ಹತ್ತು ಹದಿನೈದು ಮಕ್ಕಳು ಸುಮ್ಮನೆ ಬೀಳುತ್ತಿರುತ್ತಾರೆ. ಬೀಳುವುದಕ್ಕೂ ಫೀಸು ಕಟ್ಟಬೇಕೇ ಎಂಬ ಅನುಮಾನ ಬಂದವರ ಮುಖದಲ್ಲಿ ಮೂಡುತ್ತದೆ.

ಎಡವಿದ ಮಗು ಅಂಗೈ ಊರುತ್ತದೆ. ಮೈಭಾರವೆಲ್ಲ ಚಾಚಿದ ಕೈಗೆ ಬಂದು ಮಣಿಕಟ್ಟೋ ಮೊಣಕೈ ಮೇಲಿನ ಮೂಳೆಯೋ ಮುರಿಯುತ್ತದೆ. ಹಿಂದಕ್ಕೆ ಬಿದ್ದರಂತೂ ತಲೆ ನೆಲಕ್ಕೆ ಬಡಿಯುತ್ತದೆ. ಜೂಡೊದ 'ಉಕೆಮಿ', ಅಂದರೆ ಬೀಳುವ ವಿದ್ಯೆ, ಇವೆರಡನ್ನೂ ಬಿಡಿಸುತ್ತದೆ. ಗದ್ದ ಎದೆಗೆ, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಬೆನ್ನನ್ನು ಬಾಗಿಸಿ ಉರುಳುವಾಗಲೇ ಎರಡೂ ತೋಳುಗಳಿಂದ ಚಾಪೆಗೆ ಪಟ್ಟೆಂದು ಹೊಡೆಯಬೇಕು, ಪಕ್ಕೆಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ. ಏಟು ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಮೊದಲು ಕುಳಿತು, ಆಮೇಲೆ ಕುಕ್ಕರಗಾಲಿನಲ್ಲಿ, ಕೊನೆಗೆ ನಿಂತು. ಏಳು ವರ್ಷದ ಹುಡುಗಿಯೊಬ್ಬಳು ಎಷ್ಟು ಹೇಳಿದರೂ ಛಾವಣಿ ನೋಡುತ್ತಲೇ ಬೀಳುತ್ತಿದ್ದಳು. ಗದ್ದದ ಕೆಳಗೆ ಮಡಿಸಿದ ಕರವಸ್ತ್ರ ಇಟ್ಟು, 'ಇದು ಜಾರಬಾರದಮ್ಮ' ಎಂದೆ. ಅಂದು ಸಂಜೆಯೇ ಅವಳ ತಲೆ ಚಾಪೆಗೆ ತಾಗುವುದು ನಿಂತಿತು.

ಜೂಡೊ ಕಟ್ಟಿದ ಜಿಗೊರೊ ಕಾನೊ ವೃತ್ತಿಯಿಂದ ಮೇಷ್ಟರು. 1882ರಲ್ಲಿ ಟೋಕಿಯೊದ ಬೌದ್ಧ ದೇವಾಲಯವೊಂದರಲ್ಲಿ, 12 ಚಾಪೆಯ ಜಾಗದಲ್ಲಿ ಶುರು ಮಾಡಿದವರು ಜುಜುತ್ಸು ಎಂಬ ಹಳೆಯ ಜಪಾನೀ ಕಾದಾಟದ ಕಲೆಯ ಅಪಾಯಕಾರಿ ಪಟ್ಟುಗಳನ್ನು ಸೆಣಸಾಟದಿಂದ ಹೊರಗಿಟ್ಟರು. ಇನ್ನೊಂದು ನಿಯಮವಿದೆ: ಹಿಡಿತಕ್ಕೆ ಸಿಕ್ಕವರು ಎರಡು ಸಲ ತಟ್ಟಿದರೆ ಆ ಕ್ಷಣವೇ ಬಿಡಬೇಕು. (ಕುತ್ತಿಗೆ ಹಿಸುಕುವ, ಕೈ ತಿರುಚುವ ಪಟ್ಟುಗಳನ್ನು ನಾನು ಚಿಕ್ಕವರಿಗೆ ಕಲಿಸುವುದಿಲ್ಲ, ಅದುಮಿ ಹಿಡಿಯುವುದಷ್ಟೇ.) ಶಾಲೆಯಲ್ಲಿ ಎಲ್ಲರನ್ನೂ ತಳ್ಳುತ್ತಾನೆಂಬ ದೂರು ಹೊತ್ತು ಬಂದ ಹುಡುಗನೊಬ್ಬ ಮೊದಮೊದಲು ತಟ್ಟಿದರೂ ಬಿಡುತ್ತಿರಲಿಲ್ಲ. ಬೈಯುವ ಬದಲು ಅವನಿಗಿಂತ ಭಾರದ ಹುಡುಗಿಯೊಬ್ಬಳನ್ನು ಜೋಡಿ ಮಾಡಿದೆ. ಅವನು ತಟ್ಟಿದ, ಅವಳು ಬಿಟ್ಟಳು. ಐದಾರು ಸಲ ಹೀಗಾದ ಮೇಲೆ ಅವನ ಹಿಡಿತವೂ ತಟ್ಟಿದೊಡನೆ ಸಡಿಲವಾಗತೊಡಗಿತು.

ಏಕಾಗ್ರತೆ ಬರುತ್ತದೆ, ಅಂಕ ಏರುತ್ತದೆ ಎನ್ನುವ ಕರಪತ್ರಗಳನ್ನು ನಾನು ನಂಬುವುದಿಲ್ಲ. ಬೆವರು ಬರುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಆತ್ಮರಕ್ಷಣೆಯ ಮಾತೂ ಅಷ್ಟೆ: ಎಂಟು ವರ್ಷದ ಮಗು ಬೆಳೆದ ಗಂಡಸನ್ನು ಕೆಡವಲಾರದು, ಕೂಗಿಕೊಂಡು ಓಡುವುದನ್ನೇ ನಾನು ಹೇಳಿಕೊಡುತ್ತೇನೆ. ಒದೆ, ಗುದ್ದುಗಳ ಕಲೆಗೆ ಸೇರಿಸುವವರು ಮೆತ್ತನೆಯ ಶಿರಸ್ತ್ರಾಣ ಮಿದುಳನ್ನು ಕಾಪಾಡುತ್ತದೆಂದು ನೆಚ್ಚಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ತರಗತಿ ನೋಡಲು ಹೋದಾಗ ಕಪಾಟಿನಲ್ಲಿಟ್ಟ ಬಹುಮಾನದ ಕಪ್‌ಗಳನ್ನು ಆಮೇಲೆ ನೋಡಿ. ಚಪ್ಪಲಿ ಬಿಟ್ಟು ಒಮ್ಮೆ ಚಾಪೆಯ ಮೇಲೆ ನಡೆಯಿರಿ, ಎರಡು ಚಾಪೆಗಳ ನಡುವೆ ಸಂದು ಬಿಟ್ಟಿದೆಯೇ ಎಂದು ಕಾಲಲ್ಲೇ ತಡವಿ. ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು ಅಲ್ಲಿಯೇ.