ಬಿಗಿಯಾಗಿ ಕಟ್ಟಿದರೂ ತುರುಬು ಜಾರುವುದೇಕೆ?

ಪ್ರಶ್ನೆ: ನನ್ನ ಕೂದಲು ಸೊಂಟದವರೆಗೆ ಇದೆ. ಬೆಳಿಗ್ಗೆ ಎಷ್ಟು ಬಿಗಿಯಾಗಿ ತುರುಬು ಕಟ್ಟಿದರೂ ಮಧ್ಯಾಹ್ನದೊಳಗೆ ಜೋತುಬೀಳುತ್ತದೆ. ಮಳೆಗಾಲದಲ್ಲಂತೂ ಎರಡು ಗಂಟೆಯೂ ನಿಲ್ಲುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮಳೆಗಾಲದಲ್ಲಿ ಬೇಗ ಜಾರುತ್ತದೆ ಎಂದಿರಲ್ಲ, ಕಾರಣ ಅಲ್ಲೇ ಇದೆ. ನೀರು ಹೀರಿದ ಕೂದಲೆಳೆ ಉಬ್ಬಿರುತ್ತದೆ. ಕಟ್ಟಿದ ಮೇಲೆ ಒಣಗುತ್ತಾ ಸಣ್ಣಗಾಗಿ ಸುತ್ತುಗಳೆಲ್ಲ ಸಡಿಲವಾಗುತ್ತವೆ. ಕೊಡಗಿನ ಮಳೆ ತಿಂಗಳಾದ ಕಕ್ಕಡದ ಥಂಡಿಯಲ್ಲಿ ಉದ್ದ ಕೂದಲು ಬೇಗ ಒಣಗುವುದಿಲ್ಲ. ಹಿಂದಿನ ದಿನವೇ ತಲೆಸ್ನಾನ ಮಾಡಿ, ಬಿಚ್ಚಿಟ್ಟು ಒಣಗಿಸಿ. ಕಟ್ಟುವ ಮೊದಲು ಬುಡಕ್ಕೆ ಬೆರಳಾಡಿಸಿ ನೋಡಿ. ತೇವ ಕೊನೆಗೆ ಉಳಿಯುವುದು ಅಲ್ಲೇ.

ಎರಡನೆಯ ಕಾರಣ ಭಾರ. ಸೊಂಟದುದ್ದದ ಕೂದಲನ್ನು ಒಂದೇ ಹುರಿಯಾಗಿ ಸುತ್ತಬೇಡಿ. ಕುತ್ತಿಗೆಯ ಮೇಲೆ ಜುಟ್ಟು ಕಟ್ಟಿ, ಎರಡು ಪಾಲು ಮಾಡಿ, ಎರಡು ಜಡೆ ಹೆಣೆಯಿರಿ. ಮೊದಲನೆಯದನ್ನು ಜುಟ್ಟಿನ ಬುಡಕ್ಕೆ ಸುತ್ತಿ ಪಿನ್ ಹಾಕಿದ ಮೇಲೆ, ಎರಡನೆಯದನ್ನು ಅದರ ಹೊರಗೆ ಎದುರು ದಿಕ್ಕಿನಲ್ಲಿ ಸುತ್ತಿ. ತುದಿಗಳು ಅಡಿಗೆ ಹೋಗಲಿ. ಜಡೆಯ ಉಬ್ಬುತಗ್ಗುಗಳಲ್ಲಿ ಪಿನ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಪಿನ್ನಿನಲ್ಲಿ. ಯು ಆಕಾರದ ಪಿನ್ನನ್ನು ನೇರವಾಗಿ ತುರುಬಿನೊಳಕ್ಕೆ ಚುಚ್ಚಿದರೆ ಅದು ಬಂದ ದಾರಿಯಲ್ಲೇ ಹೊರಬರುತ್ತದೆ. ಪಿನ್ನಿನ ತುದಿ ಹೊರಮುಖವಾಗಿರುವಂತೆ ಹಿಡಿದು, ತುರುಬಿನ ಅಂಚಿನ ನಾಲ್ಕೆಳೆ ಕೂದಲನ್ನು ಅದರಲ್ಲಿ ಸಿಕ್ಕಿಸಿ. ತುದಿ ನೆತ್ತಿಯ ಚರ್ಮಕ್ಕೆ ತಾಗಿತೋ, ಪಿನ್ನನ್ನು ತಿರುಗಿಸಿ, ತುರುಬಿನ ನಡುವಿಗೆ ತಳ್ಳಿ. ಬುಡದ ಕೂದಲೂ ತುರುಬಿನ ಕೂದಲೂ ಒಟ್ಟಿಗೆ ಸಿಕ್ಕಿಕೊಂಡಾಗಲೇ ಹಿಡಿತ. ಹೀಗೆ ಸುತ್ತಲೂ ಆರು ಪಿನ್ ಸಾಕು. ಇಪ್ಪತ್ತು ಹಾಕಬೇಕಾಗಿ ಬಂದರೆ ಸುತ್ತಿದ್ದೇ ತಪ್ಪು. ಕರಿಯ ಚಪ್ಪಟೆ ಕ್ಲಿಪ್ಪಿನ ಅಲೆಯಲೆಯಾದ ಕಡ್ಡಿ ತಲೆಯ ಕಡೆಗಿರಬೇಕು.

ಬಿಗಿತವನ್ನು ಮಾತ್ರ ನಂಬಬೇಡಿ. ದಿನವೂ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಉದುರುತ್ತದೆ, ಕೆಲವೊಮ್ಮೆ ಮರಳಿ ಬರುವುದೂ ಇಲ್ಲ.

ಕುತ್ತಿಗೆಯ ಮೇಲಿನ ತುರುಬು ಬಹಳ ಹಳೆಯದು. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ, ಗೇಣುದ್ದವೂ ಇಲ್ಲದ ಕಂಚಿನ ನರ್ತಕಿಯ ಕೂದಲೂ ಹಿಂದೆ ತುರುಬಾಗಿಯೇ ಇದೆ. ಕೊಡಗಿನ ಸೀರೆಯ ಜೊತೆ ತಲೆವಸ್ತ್ರ ಕಟ್ಟುವವರಿಗೂ ಈ ತಗ್ಗಿನ ತುರುಬೇ ಸರಿ. ಎತ್ತರಕ್ಕೆ ಕಟ್ಟಿದರೆ ಬಟ್ಟೆ ಹಿಂದಕ್ಕೆ ಜಗ್ಗುತ್ತದೆ.

ಹೂ ಮುಡಿಯುವುದು ಕೊನೆಗೆ. ಮಲ್ಲಿಗೆ ಒಂದು ಮೊಳ ಸಾಕು. ತುರುಬಿನ ಬುಡಕ್ಕೆ ಸುತ್ತಿ, ಪಿನ್ನನ್ನು ಹೂವಿಗಲ್ಲ, ದಾರಕ್ಕೆ ಸಿಕ್ಕಿಸಿ.