ಹೈಬ್ರಿಡ್ ಕೆಪಾಸಿಟರ್ ಮೊದಲು ಸವೆಯುವುದು ಎಲ್ಲಿ?

ಪ್ರಶ್ನೆ: ಸೂಪರ್‌ಕೆಪಾಸಿಟರನ್ನು (ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ) ಲಕ್ಷಗಟ್ಟಲೆ ಸಲ ಚಾರ್ಜ್ ಮಾಡಬಹುದು ಅಂತಾರೆ. ಅದಕ್ಕೆ ಬ್ಯಾಟರಿಯ ಗುಣವನ್ನೂ ಸೇರಿಸಿದ ಹೈಬ್ರಿಡ್ ಕೆಪಾಸಿಟರ್ ಬಾಳಿಕೆ ಯಾವುದರ ಮೇಲೆ ನಿಂತಿದೆ?

ಉತ್ತರ: ಹೆಚ್ಚಾಗಿ ಬ್ಯಾಟರಿ ಬದಿಯ ಎಲೆಕ್ಟ್ರೋಡ್ ಮೇಲೆ. ಹೈಬ್ರಿಡ್‌ನ ಎರಡು ಎಲೆಕ್ಟ್ರೋಡ್‌ಗಳಲ್ಲಿ (ಚಾರ್ಜ್ ಹಿಡಿಯುವ ತುದಿಗಳಲ್ಲಿ) ಒಂದು ಕೆಪಾಸಿಟರಿನಂತೆ, ಇನ್ನೊಂದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ.

ಹೈಬ್ರಿಡ್‌ಗಳಲ್ಲಿ ಒಂದಾದ ಲಿಥಿಯಂ-ಅಯಾನ್ ಕೆಪಾಸಿಟರನ್ನೇ ನೋಡಿ. ಅದರ ಪಾಸಿಟಿವ್ ಬದಿಯಲ್ಲಿ ಆಕ್ಟಿವೇಟೆಡ್ ಕಾರ್ಬನ್, ಅಂದರೆ ತುಂಬಾ ಸಣ್ಣ ರಂಧ್ರಗಳಿರುವ ಇದ್ದಿಲು, ಇರುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಿನಿಂದಲೂ ಇದನ್ನು ಮಾಡುತ್ತಾರೆ. ಒಂದು ಗ್ರಾಂ ಪುಡಿಯ ರಂಧ್ರಗಳ ಮೈಯನ್ನೆಲ್ಲ ಹಾಸಿದರೆ 1,500 ಚದರ ಮೀಟರ್ ದಾಟಬಹುದು. 30×40 ಸೈಟುಗಳ ಲೆಕ್ಕದಲ್ಲಿ ಹದಿಮೂರು! ಅಯಾನುಗಳು (ಚಾರ್ಜ್ ಇರುವ ಕಣಗಳು) ಆ ಮೈಗೆ ಬಂದು ಅಂಟುತ್ತವೆ, ಬಿಟ್ಟು ಹೋಗುತ್ತವೆ. ರಾಸಾಯನಿಕ ಕ್ರಿಯೆ ಇಲ್ಲದ್ದರಿಂದ ಸವೆತವೂ ಕಡಿಮೆ.

ನೆಗೆಟಿವ್ ಬದಿಯ ಗ್ರಾಫೈಟ್ ಕಥೆ ಬೇರೆ. ಇದೇ ಬ್ಯಾಟರಿ ಬದಿ. ಇಲ್ಲಿ ಲಿಥಿಯಂ ಪದರಗಳ ನಡುವೆ ನುಗ್ಗುತ್ತದೆ. ಪೂರ್ತಿ ತುಂಬಿದಾಗ ಪದರಗಳ ಅಂತರ ಶೇ. 10ರಷ್ಟು ಹಿಗ್ಗುತ್ತದೆ. ಜೊತೆಗೆ ಎಲೆಕ್ಟ್ರೋಲೈಟ್ (ಎರಡೂ ಬದಿಗಳ ನಡುವೆ ಅಯಾನುಗಳನ್ನು ಸಾಗಿಸುವ ದ್ರವ) ಒಡೆದು ಗ್ರಾಫೈಟ್ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಈ ಪೊರೆ ಬೇಕೇ ಬೇಕು, ಇಲ್ಲದಿದ್ದರೆ ಎಲೆಕ್ಟ್ರೋಲೈಟ್ ಒಡೆಯುತ್ತಲೇ ಇರುತ್ತದೆ. ಆದರೆ ಗ್ರಾಫೈಟ್ ಹಿಗ್ಗಿ ಕುಗ್ಗಿದಂತೆಲ್ಲ ಪೊರೆ ಬಿರಿಯುತ್ತದೆ, ಮತ್ತೆ ಕಟ್ಟುತ್ತದೆ, ಪ್ರತಿ ಸಲ ಸ್ವಲ್ಪ ಲಿಥಿಯಂ ನುಂಗುತ್ತದೆ.

ಇದಕ್ಕೆ ತಯಾರಕರು ಒಂದು ಉಪಾಯ ಮಾಡುತ್ತಾರೆ. ಗ್ರಾಫೈಟನ್ನು ಬೇಕಾದ್ದಕ್ಕಿಂತ ಜಾಸ್ತಿ ಹಾಕಿ, ಅದಕ್ಕೆ ಮೊದಲೇ ಲಿಥಿಯಂ ತುಂಬಿಸಿ, ಸ್ವಲ್ಪ ಭಾಗವನ್ನಷ್ಟೇ ಬಳಸುತ್ತಾರೆ. ಬಾಳಿಕೆ ಲಕ್ಷ ಸಲ ದಾಟುವುದು ಹೀಗೆ. ಆದರೆ ಕಿಲೋಗೆ ಸಿಗುವ ಶಕ್ತಿ ಸುಮಾರು 10–15 ವಾಟ್-ಅವರ್ ಮಾತ್ರ. ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ 150ರಿಂದ 250 ಇರುತ್ತದೆ.

ಗ್ರಾಫೈಟ್ ಬದಲು ಲಿಥಿಯಂ ಟೈಟನೇಟ್ ಹಾಕಿದರೆ? ಅದು ಹಿಗ್ಗುವುದು ಶೇ. 0.2ರಷ್ಟು, ಅಂದರೆ ಹಿಗ್ಗುವುದೇ ಇಲ್ಲ ಅನ್ನಬಹುದು. ಪೊರೆಯ ಕಾಟವೂ ಕಡಿಮೆ. ಆದರೆ ಸೆಲ್‌ನ ವೋಲ್ಟೇಜ್ ಒಂದು ವೋಲ್ಟ್‌ನಷ್ಟು ಇಳಿಯುತ್ತದೆ. ಗ್ರಾಂಗೆ ಹಿಡಿಯುವ ಚಾರ್ಜ್ ಗ್ರಾಫೈಟಿನ ಅರ್ಧವೂ ಇಲ್ಲ. ಬಿಸಿಯಲ್ಲಿ ಗ್ಯಾಸ್ ಬಿಡುವ ಚಾಳಿ ಬೇರೆ. ಆದರೂ ಬಾಳಿಕೆಯೇ ಮುಖ್ಯ ಅಂದರೆ ನನ್ನ ಓಟು ಇದಕ್ಕೇ. ಗ್ರಾಫೈಟ್ ಬದಲು ಹಾಕಬಹುದಾದ ಇನ್ನೊಂದು ವಸ್ತು, ಲಿಥಿಯಂ ತುಂಬಿದಾಗ ಮೂರ್ನಾಲ್ಕು ಪಟ್ಟು ಉಬ್ಬುವ ಸಿಲಿಕಾನ್‌ಗೆ ಅಲ್ಲ.

ಲಿಥಿಯಂ ಇಲ್ಲದೆಯೂ ಹೈಬ್ರಿಡ್ ಮಾಡಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎ. ಕೆ. ಶುಕ್ಲಾ ಮತ್ತು ಸಂಗಡಿಗರು ಸೀಸ-ಕಾರ್ಬನ್ ಹೈಬ್ರಿಡ್ ಮಾಡಿದರು. ಮಾಮೂಲಿ ಸೀಸದ ಬ್ಯಾಟರಿಯನ್ನು ಅರೆಬರೆ ಚಾರ್ಜಿನಲ್ಲೇ ಓಡಿಸಿದರೆ ನೆಗೆಟಿವ್ ಪ್ಲೇಟಿನಲ್ಲಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆ ಜಾಗಕ್ಕೆ ಕಾರ್ಬನ್ ಬಂದರೆ ಆ ಸಮಸ್ಯೆಯೇ ಇಲ್ಲ. ಆಗ ಸವೆತದ ಚಿಂತೆ ಲೆಡ್ ಡೈಆಕ್ಸೈಡ್ ಇರುವ ಪಾಸಿಟಿವ್ ಬದಿಗೆ ಹೋಗುತ್ತದೆ. ಅದನ್ನು ಪೇಸ್ಟ್ ಮಾಡಿ ಮೆತ್ತದೆ, ಸೀಸದ ಹಾಳೆಯ ಮೇಲೇ ಬೆಳೆಸಿದ್ದು ಇವರ ಜಾಣತನ.

ಇನ್ನು, ಹೊಸ ವಸ್ತು 10,000 ಸಲ ಬಾಳಿತು ಅನ್ನೋ ಸುದ್ದಿ ಓದಿದರೆ ಸುಮ್ನೆ ಒಂದು ಲೆಕ್ಕ ಹಾಕಿ. ಸಲಕ್ಕೊಂದು ನಿಮಿಷದಂತೆ ಓಡಿಸಿದ್ದರೆ ಆ ಪರೀಕ್ಷೆ ಏಳು ದಿನದೊಳಗೆ ಮುಗಿದಿರುತ್ತದೆ. ಬಸ್ಸಿನಲ್ಲೋ ಸೋಲಾರ್ ಕಂಬದಲ್ಲೋ ಹತ್ತು ವರ್ಷ ಬಿಸಿಲಿಗೆ ಕೂತರೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.